ಹಸಿರು ವಿದ್ಯುತ್ ಪ್ರಮಾಣಪತ್ರ: ಗಾಳಿ ನಮ್ಮೂರಿನದು, ಹೆಸರು ಯಾರದು?

ಗಾಳಿ, ಬಿಸಿಲು, ನೀರು ಮೊದಲಾದ ಬರಿದಾಗದ ಮೂಲಗಳಿಂದ ಇಷ್ಟು ವಿದ್ಯುತ್ತು ಉತ್ಪಾದನೆಯಾಗಿದೆ ಎಂಬುದನ್ನು ದೃಢೀಕರಿಸುವ ದಾಖಲೆಗೆ ನವೀಕರಿಸಬಹುದಾದ ಇಂಧನ ಪ್ರಮಾಣಪತ್ರ ಎಂದು ಹೆಸರು. ಒಂದು ಪ್ರಮಾಣಪತ್ರವು ಒಂದು ಮೆಗಾವ್ಯಾಟ್-ಗಂಟೆಗೆ, ಅಂದರೆ 1,000 ಯೂನಿಟ್‌ಗಳಿಗೆ ಸಮ. ತಿಂಗಳಿಗೆ 100 ಯೂನಿಟ್ ಬಳಸುವ ಮನೆಯ ವರ್ಷದ ಬಳಕೆ 1,200 ಯೂನಿಟ್. ಅದು ಒಂದು ಪ್ರಮಾಣಪತ್ರಕ್ಕಿಂತ ತುಸು ಹೆಚ್ಚು. ವಿದ್ಯುತ್ತು ಒಬ್ಬರಿಗೂ ಅದರ ಪ್ರಮಾಣಪತ್ರ ಇನ್ನೊಬ್ಬರಿಗೂ ಮಾರಾಟವಾಗಬಹುದು ಎಂಬುದೇ ಈ ವ್ಯವಸ್ಥೆಯ ತಿರುಳು.

ನಮ್ಮ ಸುತ್ತಲಿನ ಉತ್ಪಾದನೆ

ಅವಿಭಜಿತ ಅನಂತಪುರ ಜಿಲ್ಲೆಯ ರಾಮಗಿರಿ ಗುಡ್ಡಗಳಲ್ಲಿ 1990ರ ದಶಕದಲ್ಲಿಯೇ ಗಾಳಿಯಂತ್ರಗಳು ತಲೆಯೆತ್ತಿದವು. ಇಂದು ಕಲ್ಯಾಣದುರ್ಗದ ಸುತ್ತಲಿನ ಬಯಲಿನಲ್ಲಿ ಅವು ಸಾಮಾನ್ಯ ದೃಶ್ಯ. ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ನಂಬುಲಪೂಲಕುಂಟದ ಸೌರ ಉದ್ಯಾನದಲ್ಲಿ ಎನ್‌ಟಿಪಿಸಿಯ 250 ಮೆಗಾವ್ಯಾಟ್ ಘಟಕವು 2016ರಲ್ಲಿ ಕಾರ್ಯಾರಂಭ ಮಾಡಿತು. ಹಿಂದೂಪುರ ಮತ್ತು ಕಲ್ಯಾಣದುರ್ಗಗಳ ನಡುವೆ, ಮೂರು ಕಡೆ ಆಂಧ್ರಪ್ರದೇಶದಿಂದ ಸುತ್ತುವರಿದಿರುವ ಕರ್ನಾಟಕದ ಪಾವಗಡ ತಾಲ್ಲೂಕಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ತಿರುಮಣಿ, ವಳ್ಳೂರು ಮುಂತಾದ ಗ್ರಾಮಗಳ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಅದು ಹರಡಿಕೊಂಡಿದೆ.

ವಿದ್ಯುತ್ತು ಬೇರೆ, ಹೆಸರು ಬೇರೆ

ಊರಿನ ಹಾಲಿನ ಡೇರಿಯನ್ನು ನೆನೆಯೋಣ. ಹತ್ತು ಮನೆಗಳ ಹಾಲು ಒಂದೇ ಕ್ಯಾನಿಗೆ ಬೀಳುತ್ತದೆ. ಯಾವ ಲೋಟದಲ್ಲಿ ಯಾರ ಹಸುವಿನ ಹಾಲಿದೆ ಎಂದು ಹೇಳಲಾಗದು. ಆದರೆ ಯಾರು ಎಷ್ಟು ಲೀಟರ್ ಹಾಕಿದರು ಎಂಬುದು ಪುಸ್ತಕದಲ್ಲಿರುತ್ತದೆ. ವಿದ್ಯುತ್ ಜಾಲವೂ ಹಾಗೆಯೇ. ಕಲ್ಲಿದ್ದಲಿನ ವಿದ್ಯುತ್ತು, ಗಾಳಿಯ ವಿದ್ಯುತ್ತು ಒಂದೇ ತಂತಿಯಲ್ಲಿ ಬೆರೆತು ಹರಿಯುತ್ತವೆ. ಪುಸ್ತಕದ ಆ ನಮೂದೇ ಪ್ರಮಾಣಪತ್ರ. ಅದನ್ನು ಕೊಂಡವನು ಮಾತ್ರ ‘ನಾನು ಇಷ್ಟು ಹಸಿರು ವಿದ್ಯುತ್ತು ಬಳಸಿದೆ’ ಎಂದು ಹೇಳಿಕೊಳ್ಳಬಹುದು.

ಭಾರತದ ನಿಯಮ

ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2010ರಲ್ಲಿ ಈ ವ್ಯವಸ್ಥೆಯನ್ನು ಜಾರಿಗೆ ತಂದಿತು. ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ 2011ರ ಮಾರ್ಚ್‌ನಿಂದ ವಹಿವಾಟು ನಡೆಯತೊಡಗಿತು. ಆರಂಭದಲ್ಲಿ ಸೌರ ಪ್ರಮಾಣಪತ್ರವೊಂದಕ್ಕೆ ಕನಿಷ್ಠ 12,000, ಗರಿಷ್ಠ 17,000 ರೂಪಾಯಿ ಮಿತಿಯಿತ್ತು. 2022ರ ಹೊಸ ನಿಯಮಾವಳಿಯು ಬೆಲೆಯ ಮಿತಿಗಳನ್ನು ತೆಗೆದುಹಾಕಿ, ಮಾರಾಟವಾಗುವವರೆಗೂ ಪತ್ರಕ್ಕೆ ಮಾನ್ಯತೆ ನೀಡಿತು.

ಕೊಳ್ಳುವವರು ಯಾರು? ವಿತರಣಾ ಕಂಪನಿಗಳು ಮತ್ತು ದೊಡ್ಡ ಕೈಗಾರಿಕೆಗಳು ತಮ್ಮ ಬಳಕೆಯ ಒಂದು ಪಾಲನ್ನು ನವೀಕರಿಸಬಹುದಾದ ಮೂಲದಿಂದ ಪೂರೈಸಿಕೊಳ್ಳಲೇಬೇಕು. ಕೇಂದ್ರ ಸರ್ಕಾರ ನಿಗದಿಪಡಿಸಿದ ಈ ಪಾಲು 2024–25ಕ್ಕೆ ಶೇ. 29.91; 2029–30ಕ್ಕೆ ಶೇ. 43.33. ಕೊರತೆ ಬಿದ್ದವರು ಪ್ರಮಾಣಪತ್ರ ಕೊಂಡು ಅದನ್ನು ತುಂಬಿಕೊಳ್ಳಬಹುದು.

ಎಲ್ಲ ಘಟಕಗಳಿಗೂ ಪ್ರಮಾಣಪತ್ರ ದೊರೆಯುವುದಿಲ್ಲ. ನಿಗದಿತ ದರದ ದೀರ್ಘಾವಧಿ ಒಪ್ಪಂದದಡಿ ವಿತರಣಾ ಕಂಪನಿಯೊಂದು ಹಸಿರು ವಿದ್ಯುತ್ತನ್ನು ಕೊಂಡು ತನ್ನ ಕಡ್ಡಾಯ ಪಾಲಿಗೆ ಲೆಕ್ಕ ಹಾಕಿಕೊಂಡರೆ, ಅದೇ ಯೂನಿಟ್‌ಗೆ ಪ್ರತ್ಯೇಕ ಪತ್ರ ನೀಡುವಂತಿಲ್ಲ. ಒಂದೇ ಹಾಲನ್ನು ಎರಡು ಬಾರಿ ಅಳೆದು ಮಾರಬಾರದಷ್ಟೆ.

ಗಡಿ ದಾಟುವ ಪತ್ರ

ವಿದ್ಯುತ್ತು ಸಮುದ್ರ ದಾಟದಿದ್ದರೂ ಪ್ರಮಾಣಪತ್ರ ದಾಟಬಲ್ಲದು. ಯೂರೋಪಿನಲ್ಲಿ ಇದಕ್ಕೆ ‘ಮೂಲ ಖಾತರಿ’ ಎಂಬರ್ಥದ ಹೆಸರಿದೆ. 2001ರ ಯೂರೋಪಿಯನ್ ಒಕ್ಕೂಟದ ನಿರ್ದೇಶನ ಅದಕ್ಕೆ ತಳಹದಿ. ನಾರ್ವೆ ದೇಶದ ವಿದ್ಯುತ್ತಿನ ಬಹುಪಾಲು ಜಲವಿದ್ಯುತ್ತು. ಆದರೆ ಅಲ್ಲಿನ ಉತ್ಪಾದಕರು ತಮ್ಮ ಖಾತರಿ ಪತ್ರಗಳನ್ನು ಹೊರದೇಶಗಳ ಗ್ರಾಹಕರಿಗೂ ಮಾರುತ್ತಾರೆ. ಹಾಗೆ ಮಾರಿದ ಮೇಲೆ, ಕಣ್ಣೆದುರೇ ಜಲಪಾತವಿದ್ದರೂ ಪತ್ರ ಕೊಳ್ಳದ ನಾರ್ವೆಯ ಬಳಕೆದಾರ ಆ ಯೂನಿಟ್‌ಗಳನ್ನು ‘ನನ್ನ ಹಸಿರು ವಿದ್ಯುತ್ತು’ ಎನ್ನುವಂತಿಲ್ಲ.

ಯೂರೋಪ್ ಮತ್ತು ಉತ್ತರ ಅಮೆರಿಕದ ಹೊರಗಿನ ಅನೇಕ ದೇಶಗಳಲ್ಲಿ, ಭಾರತದಲ್ಲಿಯೂ, ‘ಐ-ರೆಕ್’ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಚಲಾವಣೆಯಲ್ಲಿದೆ. ಇದರ ಮಾನದಂಡವನ್ನು ನೋಡಿಕೊಳ್ಳುವ ಪ್ರತಿಷ್ಠಾನ ನೆದರ್‌ಲ್ಯಾಂಡ್ಸ್‌ನದು. ಇದನ್ನು ಹೆಚ್ಚಾಗಿ ಕೊಳ್ಳುವವರು ಸ್ವಯಂಪ್ರೇರಣೆಯಿಂದ ಹಸಿರು ಗುರಿ ಹಾಕಿಕೊಂಡ ಬಹುರಾಷ್ಟ್ರೀಯ ಕಂಪನಿಗಳು. ಆದರೆ ಇದಕ್ಕೂ ಎಲ್ಲೆಯಿದೆ. 2015ರಲ್ಲಿ ಪ್ರಕಟವಾದ ಹಸಿರುಮನೆ ಅನಿಲ ಲೆಕ್ಕಾಚಾರದ ಮಾರ್ಗಸೂಚಿಯಂತೆ, ವಿದ್ಯುತ್ತು ಬಳಕೆಯಾದ ಮಾರುಕಟ್ಟೆಯಲ್ಲಿಯೇ ಪತ್ರವೂ ಹುಟ್ಟಿರಬೇಕು. ಹಾಗಾಗಿ ಕಂಪನಿಯೊಂದು ಭಾರತದ ಪತ್ರವನ್ನು ತನ್ನ ಬೆಂಗಳೂರಿನ ಕಚೇರಿಯ ಬಳಕೆಗೆ ತೋರಿಸಬಹುದು. ಜರ್ಮನಿಯ ಕಾರ್ಖಾನೆಗೆ ತೋರಿಸುವುದು ಈ ಮಾರ್ಗಸೂಚಿಗೆ ಹೊಂದುವುದಿಲ್ಲ. ಒಂದೇ ಯೂನಿಟ್‌ಗೆ ಭಾರತದ ಪತ್ರ ಮತ್ತು ಐ-ರೆಕ್ ಎರಡನ್ನೂ ಪಡೆಯುವಂತಿಲ್ಲ. ಒಮ್ಮೆ ಬಳಸಿದ ಪತ್ರವನ್ನು ನೋಂದಣಿಯಲ್ಲಿ ರದ್ದುಗೊಳಿಸಲಾಗುತ್ತದೆ.

ಪತ್ರ ಕೊಂಡ ಮಾತ್ರಕ್ಕೆ ಹೊಸ ಗಾಳಿಯಂತ್ರ ಏಳುತ್ತದೆಯೇ ಎಂಬ ಆಕ್ಷೇಪ ಲೋಕದಾದ್ಯಂತ ಇದೆ. ಹಳೆಯ ಅಣೆಕಟ್ಟಿನ ಅಗ್ಗದ ಪತ್ರ ಕೊಂಡು ಹಸಿರೆಂದು ಸಾರಿಕೊಳ್ಳುವ ಕಂಪನಿಯಿಂದ ಕಲ್ಲಿದ್ದಲಿನ ಹೊಗೆ ಕಡಿಮೆಯಾಗದು ಎಂಬುದು ವಿಮರ್ಶಕರ ವಾದ. ಪತ್ರದ ಆದಾಯ ಹೊಸ ಘಟಕಗಳ ಹೂಡಿಕೆಗೆ ನೆರವಾಗುತ್ತದೆ ಎಂಬುದು ಸಮರ್ಥಕರ ಉತ್ತರ.

ನಮ್ಮ ಕುಟುಂಬಗಳಿಗೆ ಸಂಬಂಧಿಸಿದ್ದು

ಮೊದಲನೆಯದು ಭೂಮಿಯ ವಿಷಯ. ಪಾವಗಡದ ಉದ್ಯಾನದಲ್ಲಿ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗಿ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರುವ ಗುತ್ತಿಗೆ ಹಣ ನಿಗದಿಯಾಯಿತು. ಗುತ್ತಿಗೆ ಹಣವು ನೆಲದ ಬಾಡಿಗೆ; ಪ್ರಮಾಣಪತ್ರದ ಆದಾಯವು ಘಟಕದ ಮಾಲೀಕನದು. ಒಪ್ಪಂದದಲ್ಲಿ ಬರೆಯದಿದ್ದರೆ ಅದರಲ್ಲಿ ಭೂಮಾಲೀಕನಿಗೆ ಪಾಲಿಲ್ಲ. ಹೊಲವನ್ನು ಗುತ್ತಿಗೆಗೆ ಕೊಡುವವರು ಸಹಿಗೆ ಮುನ್ನ ಒಪ್ಪಂದವನ್ನು ತಮಗೆ ತಿಳಿಯುವ ಭಾಷೆಯಲ್ಲಿ ಓದಿಸಿಕೊಂಡು, ಈ ಪ್ರಶ್ನೆಯನ್ನೂ ಕೇಳುವುದು ಲೇಸು.

ಎರಡನೆಯದು ಮಕ್ಕಳ ಪಾಠದ ವಿಷಯ. ‘ನಮ್ಮ ಜಿಲ್ಲೆ ಹಸಿರು ವಿದ್ಯುತ್ತು ಉತ್ಪಾದಿಸುತ್ತದೆ’ ಎಂದು ವಿದ್ಯಾರ್ಥಿ ಬರೆದರೆ ಅದು ಸರಿ. ‘ನಮ್ಮ ಮನೆಯ ದೀಪ ಊರಿನ ಗಾಳಿಯಿಂದಲೇ ಉರಿಯುತ್ತದೆ’ ಎಂದು ಬರೆಯುವ ಮೊದಲು ಎರಡು ಪ್ರಶ್ನೆ ಕೇಳಬೇಕು: ಆ ವಿದ್ಯುತ್ತನ್ನು ಕೊಂಡವರು ಯಾರು? ಅದರ ಪತ್ರ ಯಾರ ಕೈಯಲ್ಲಿದೆ?