ಬಾಡಿಗೆ ಬೆಳಕು

ಹಬ್ಬ, ಮದುವೆ, ಉತ್ಸವಗಳಿಗೆ ದೀಪಾಲಂಕಾರ ಕಟ್ಟಿಕೊಡುವ ಕಸುಬಿಗೆ ಬೆಂಗಳೂರಿನಲ್ಲಿ ‘ಲೈಟಿಂಗ್ಸ್’ ಎಂದೇ ಹೆಸರು. ನಗರದ ಪೂರ್ವದಲ್ಲಿರುವ ರಾಮಮೂರ್ತಿ ನಗರದಂಥ ಬಡಾವಣೆಗಳಲ್ಲಿ ಅದು ಸಾಮಾನ್ಯವಾಗಿ ಒಂಟಿಯಾಗಿ ಇರುವುದಿಲ್ಲ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ, ಸೌಂಡ್ಸ್ ಇವುಗಳ ಜತೆ ಒಂದೇ ಬೋರ್ಡಿನಡಿ ಇರುತ್ತದೆ. ಗಿರಾಕಿ ಬಾಡಿಗೆಗೆ ಪಡೆಯುವುದು ಬಲ್ಬುಗಳನ್ನು ಎಂದು ಕಂಡರೂ ಅವನು ನಿಜವಾಗಿ ದುಡ್ಡು ಕೊಡುವುದು ಏಣಿಗೆ, ವೈರಿಗೆ, ರಾತ್ರಿ ದೀಪ ಕೆಟ್ಟರೆ ಓಡಿ ಬರುವ ಹುಡುಗನಿಗೆ. ಈ ಏರ್ಪಾಟು ವಿದ್ಯುತ್ತಿಗಿಂತ ಹಳೆಯದು.

ವಿದ್ಯುತ್ತು ಬರುವ ಮೊದಲು ಮೆರವಣಿಗೆಯ ಬೆಳಕು ಎಂದರೆ ಅದನ್ನು ಹಿಡಿದು ನಡೆಯುವ ಮನುಷ್ಯ. ದೀವಟಿಗೆ, ಪಂಜು, ಹಿಲಾಲು ಎಂಬ ಹೆಸರುಗಳೆಲ್ಲ ಕೈಯಲ್ಲಿ ಹಿಡಿಯುವ ಬೆಂಕಿಯವೇ. ಎಣ್ಣೆ ಹೊಯ್ಯುವವನು ಪಕ್ಕದಲ್ಲೇ ನಡೆಯಬೇಕಿತ್ತು. ಮೈಸೂರು ದಸರೆಯ ಪಂಜಿನ ಕವಾಯತು ಆ ಕಾಲದ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ. ಆಮೇಲೆ ಬಂದದ್ದು ಗ್ಯಾಸ್‌ಲೈಟು. ಬರ್ಲಿನ್ನಿನ ಎಹ್ರಿಷ್ ಅಂಡ್ ಗ್ರೇಟ್ಸ್ ಕಂಪನಿ 1910ರ ಸುಮಾರಿಗೆ ರೂಪಿಸಿದ ಪೆಟ್ರೊಮ್ಯಾಕ್ಸ್ ದೀಪ ಇದು. ಉರಿಯುವುದು ಸೀಮೆಎಣ್ಣೆಯಾದರೂ ಕನ್ನಡದ ಬಾಯಲ್ಲಿ ಅದು ‘ಗ್ಯಾಸ್‌ಲೈಟು’ ಆಯಿತು. ಎಣ್ಣೆ ಆವಿಯಾಗಿ ಉರಿಯುವುದರಿಂದ ಆ ಹೆಸರು ತೀರ ತಪ್ಪೂ ಅಲ್ಲ. ಅದರ ಮ್ಯಾಂಟಲ್ ಬಲೆಯಂಥ ಪುಟ್ಟ ಚೀಲ. ಮೊದಲ ಸಲ ಹಚ್ಚಿದಾಗ ನೂಲು ಸುಟ್ಟುಹೋಗಿ ಬೂದಿಯ ಗೂಡು ಉಳಿಯುತ್ತದೆ, ಬೆಳಕು ಕೊಡುವುದು ಆ ಬೂದಿಯ ಗೂಡೇ. ಬೆರಳು ತಾಕಿದರೆ ಪುಡಿ. ಹೀಗಾಗಿ ದೀಪವನ್ನಷ್ಟೇ ಬಾಡಿಗೆಗೆ ಕೊಟ್ಟು ಕಳಿಸುವುದು ಅಂಗಡಿಯವನಿಗೆ ನಷ್ಟದ ಬಾಬತ್ತು. ಪಂಪು ಹೊಡೆಯಲು, ಮ್ಯಾಂಟಲ್ ಕಾಯಲು ಆಳೂ ಜತೆಗೆ ಹೋಗಬೇಕು. ಸಾಮಾನಿನ ಜತೆ ಆಳು ಎಂಬ ಲೈಟಿಂಗ್ಸ್‌ನ ಲೆಕ್ಕ ಇಲ್ಲೇ ಕುದುರಿತು ಎನ್ನಬಹುದು.

ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ. ಆಗ ಪೇಟೆ ಮೈಸೂರು ಸಂಸ್ಥಾನದ್ದು, 1809ರಲ್ಲಿ ಹುಟ್ಟಿದ ದಂಡು ಪ್ರದೇಶ ಬ್ರಿಟಿಷರ ಆಡಳಿತದ್ದು. ಎರಡೂ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಹೊರಗಿನ ಜಗತ್ತಿನಲ್ಲೂ ಅಲಂಕಾರದ ವಿದ್ಯುದ್ದೀಪ ಆಗಿನ್ನೂ ಹೊಸತು. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಕ್ರಿಸ್ಮಸ್ ಮರಕ್ಕೆ 80 ಬಣ್ಣದ ಬಲ್ಬು ಕಟ್ಟಿಸಿದ್ದ. ಮಾರುಕಟ್ಟೆಯಲ್ಲಿ ಸಿದ್ಧ ಸರಗಳು ಬರುವವರೆಗೆ ಅಲ್ಲಿಯೂ ಸಿರಿವಂತರು ವೈರ್‌ಮನ್ ಕರೆಸಿಯೇ ಮರ ಬೆಳಗಿಸಬೇಕಿತ್ತು.

ಕನ್ನಡ ನಾಡಿನಲ್ಲಿ ದೀಪಾಲಂಕಾರಕ್ಕೆ ಮಾದರಿ ಒದಗಿಸಿದ್ದು ಮೈಸೂರು ಅರಮನೆ. 1897ರಲ್ಲಿ ಸುಟ್ಟುಹೋದ ಮರದ ಅರಮನೆಯ ಜಾಗದಲ್ಲಿ ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಕಟ್ಟಡ 1912ಕ್ಕೆ ಮುಗಿಯಿತು. ಈಗ ಅದರ ಮೇಲೆ ಉರಿಯುವ ಬಲ್ಬುಗಳು ಸುಮಾರು 97 ಸಾವಿರ. ಅಲ್ಲಿನ ಉಪಾಯ ಸರಳ: ಗೋಡೆಗೆ ಬೆಳಕು ಬೀರುವುದಲ್ಲ, ಕಮಾನು, ಗೋಪುರ, ಅಂಚು ಇವುಗಳ ಗೆರೆಯ ಮೇಲೆ ಬಲ್ಬು ಕೂರಿಸುವುದು. ಕತ್ತಲಲ್ಲಿ ಕಟ್ಟಡ ಮಾಯವಾಗಿ ಅದರ ರೇಖಾಚಿತ್ರ ಮಾತ್ರ ನಿಲ್ಲುತ್ತದೆ. ಮದುವೆ ಮನೆಯ ಸಜ್ಜಾ, ಕಾಂಪೌಂಡುಗಳ ಉದ್ದಕ್ಕೂ ಸರ ಎಳೆಯುವ ಬಡಾವಣೆಯ ಹುಡುಗ ಮಾಡುವುದೂ ಅದನ್ನೇ.

ಈ ಕೆಲಸಕ್ಕೆ ಬೇಕಾದ ಬಲ್ಬುಗಳನ್ನು ಬೆಂಗಳೂರಿನ ಮಲ್ಲೇಶ್ವರದ ಮೈಸೂರು ಲ್ಯಾಂಪ್ ವರ್ಕ್ಸ್ 1936ರಿಂದ ಊರಲ್ಲೇ ತಯಾರಿಸತೊಡಗಿತು. ಅಲಂಕಾರದ ಹಳೆಯ ಬಲ್ಬೆಂದರೆ ಬಣ್ಣ ಬಳಿದ ‘ಝೀರೋ ಬಲ್ಬು’. ಹೆಸರಿಗೆ ಝೀರೋ, ಎಳೆಯುವುದು 12ರಿಂದ 15 ವ್ಯಾಟ್. ಅಂಥ ನೂರು ಬಲ್ಬು ಹೋಲ್ಡರಿಗೆ ಹಾಕಿದರೆ ಒಂದೂವರೆ ಕಿಲೋವ್ಯಾಟ್‌ವರೆಗೂ ಆಗುತ್ತಿತ್ತು. ಮನೆಯ ಫ್ಯೂಸು ತಡೆಯುತ್ತಿರಲಿಲ್ಲ. ಬೀದಿಯ ಉತ್ಸವಗಳಿಗೆ ಸರ್ವೆ ಕಂಬ ನೆಟ್ಟು ಟ್ಯೂಬ್‌ಲೈಟುಗಳನ್ನು ಓರೆಯಾಗಿ ಕಟ್ಟುವುದು ಇನ್ನೊಂದು ಪದ್ಧತಿ. ಗಣೇಶ, ರಾಜ್ಯೋತ್ಸವ, ಅಣ್ಣಮ್ಮ ದೇವಿಯ ಉತ್ಸವ ಎಲ್ಲಕ್ಕೂ ಅವೇ ಟ್ಯೂಬುಗಳು. ಓಡುವ ದೀಪದ ಯಂತ್ರವಂತೂ ಕೈಕಸುಬಿನ ಸೊಗಸಾದ ಮಾದರಿ: ಪುಟ್ಟ ಮೋಟರು ತಿರುಗಿಸುವ ಮರದ ಉರುಳೆ, ಅದರ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬಡಿದ ತಾಮ್ರದ ತಗಡು, ತಗಡಿಗೆ ಉಜ್ಜುವ ನಾಲ್ಕಾರು ಪಟ್ಟಿ. ಒಂದು ಸಾಲು ಆರುವಾಗ ಪಕ್ಕದ ಸಾಲು ಹತ್ತುತ್ತದೆ, ದೇವರ ತಲೆಯ ಹಿಂದಿನ ಚಕ್ರ ತಿರುಗಿದಂತೆ ಕಾಣುತ್ತದೆ. ಉರುಳೆಯಿಂದ ಬರುವ ಕಿಡಿ ಮತ್ತು ಕಟಕಟ ಸದ್ದು ಪೆಂಡಾಲಿನ ಹಿಂದೆ ನಿಂತ ಮಕ್ಕಳಿಗೆ ಮೂರ್ತಿಗಿಂತ ಹೆಚ್ಚಿನ ಆಕರ್ಷಣೆ.

ಸೀರಿಯಲ್ ಸೆಟ್ಟು ಈ ಭಾರವನ್ನೆಲ್ಲ ಇಳಿಸಿತು. 6 ವೋಲ್ಟಿನ ಅಕ್ಕಿಕಾಳಿನಂಥ ಬಲ್ಬುಗಳನ್ನು 38-40ರಂತೆ ಒಂದರ ಹಿಂದೊಂದು ಪೋಣಿಸಿದರೆ 230 ವೋಲ್ಟು ಎಲ್ಲಕ್ಕೂ ಹಂಚಿಹೋಗುತ್ತದೆ. ಆದರೆ ಒಂದು ಸತ್ತರೆ ಇಡೀ ಸರ ಕತ್ತಲು. ಸತ್ತದ್ದು ಯಾವುದೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಟೆಸ್ಟರ್ ಹಿಡಿದು ಕಾಳು ಕಾಳೂ ಮುಟ್ಟುತ್ತ ಹೋಗಬೇಕು, ಇಲ್ಲವೇ ಒಳ್ಳೆಯ ಬಲ್ಬೊಂದನ್ನು ಸರದಿಯಂತೆ ಒಂದೊಂದು ಜಾಗದಲ್ಲೂ ಕೂರಿಸಿ ನೋಡಬೇಕು. ಹಬ್ಬದ ಹಿಂದಿನ ವಾರ ಅಂಗಡಿಯ ನೆಲದ ಮೇಲೆ ಕಾಲು ಚಾಚಿ ಕೂತು ಮಾಡುವ ಈ ಕೆಲಸವೇ ಕಸುಬಿನ ಕಲಿಕೆ. ಅವಸರದವರು ಸತ್ತ ಬಲ್ಬನ್ನು ಕತ್ತರಿಸಿ ವೈರಿನ ತುದಿಗಳನ್ನು ಹೊಸೆದು ಟೇಪು ಸುತ್ತಿಬಿಡುತ್ತಾರೆ. ಸರ ಮತ್ತೆ ಹತ್ತುತ್ತದೆ, ಮೊದಲಿಗಿಂತ ಹೊಳಪಾಗಿಯೇ ಹತ್ತುತ್ತದೆ. ಕಾರಣ, 38 ಬಲ್ಬು ಹಂಚಿಕೊಳ್ಳುತ್ತಿದ್ದುದನ್ನು, ಕತ್ತರಿಸುತ್ತ ಹೋಗಿ ಉಳಿದ 32 ಹಂಚಿಕೊಂಡರೆ ತಲೆಗೆ 7 ವೋಲ್ಟಿಗೂ ಮೀರುತ್ತದೆ. ಹೊಳಪು ಹೆಚ್ಚಿದ ಸೆಟ್ಟು ಬೇಗ ಸಾಯುವ ಸೆಟ್ಟು ಎಂದು ಅನುಭವಿಗಳು ಬಲ್ಲರು.

ದಂಡು ಪ್ರದೇಶದ ಪಂಚಾಂಗ ಈ ಕಸುಬಿಗೆ ವರ್ಷವಿಡೀ ಕೆಲಸ ಕೊಟ್ಟಿತು. ಚೈತ್ರದಲ್ಲಿ ಹಲಸೂರು ಸೋಮೇಶ್ವರನ ಜಾತ್ರೆ, ಅದರ ಹೂವಿನ ಪಲ್ಲಕ್ಕಿಗಳು. ಪಲ್ಲಕ್ಕಿಯ ಹಿಂದೆ ಹೊಗೆ ಬಿಡುತ್ತ ಬರುವ ಜನರೇಟರ್ ಗಾಡಿ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಧ್ವಜ ಏರಿದರೆ ಸೆಪ್ಟೆಂಬರ್ 8ರ ತೇರಿನವರೆಗೆ ದೀಪ ಆರುವುದಿಲ್ಲ. ಡಿಸೆಂಬರಿನಲ್ಲಿ ಬ್ರಿಗೇಡ್ ರಸ್ತೆ, ಕಮರ್ಷಿಯಲ್ ರಸ್ತೆಗಳ ಕ್ರಿಸ್ಮಸ್. ರಂಜಾನ್ ಮಾತ್ರ ಒಂದೇ ಕಡೆ ನಿಲ್ಲುವುದಿಲ್ಲ. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಅದು ಪ್ರತಿವರ್ಷ ಹಿಂದಕ್ಕೆ ಸರಿಯುತ್ತದೆ. 2009ರಲ್ಲಿ ಗಣೇಶ ಚತುರ್ಥಿ ಆಗಸ್ಟ್ 23ಕ್ಕೆ ಬಿತ್ತು, ರಂಜಾನ್ ತಿಂಗಳೂ ಅದೇ ಹೊತ್ತಿಗೆ ಶುರುವಾಯಿತು, ವಾರ ಕಳೆಯುವುದರೊಳಗೆ ಬೆಸಿಲಿಕಾದ ಧ್ವಜವೂ ಏರಿತು. ಇಂಥ ವರ್ಷಗಳಲ್ಲಿ ಕಸುಬುದಾರನ ಕಷ್ಟ ಧರ್ಮದ್ದಲ್ಲ, ದಾಸ್ತಾನಿನದು. ಉಳಿದ ವರ್ಷಗಳಲ್ಲಿ ಗಣೇಶನಿಗೆ ಕಟ್ಟಿದ ಸರವನ್ನೇ ಮಸೀದಿ ರಸ್ತೆಗೂ ಇಗರ್ಜಿಗೂ ಕಟ್ಟಬಹುದು. ನಕ್ಷತ್ರ, ಚಂದ್ರ, ಓಂಕಾರಗಳ ಚೌಕಟ್ಟು ಬೇರೆಯಾದರೂ ವೈರು ಒಂದೇ.

ರಾಮಮೂರ್ತಿ ನಗರಕ್ಕೆ ಈ ಕಸುಬು ಹರಡಿದ್ದು ಬಡಾವಣೆ ಬೆಳೆದಂತೆ. ಕಲ್ಕೆರೆ, ಕೌದೇನಹಳ್ಳಿ, ಹೊರಮಾವು, ಬೆನ್ನಿಗಾನಹಳ್ಳಿಗಳು ಇದರ ನೆರೆಯ ಹಳೆಯ ಊರುಗಳು. 1948ರಲ್ಲಿ ಆರಂಭವಾದ ಟೆಲಿಫೋನ್ ಕಾರ್ಖಾನೆ ಐಟಿಐ ದೂರವಾಣಿನಗರದಲ್ಲಿ, ಟ್ರಾನ್ಸ್‌ಫಾರ್ಮರ್ ಮತ್ತು ಮೋಟರು ಮಾಡುತ್ತಿದ್ದ ಎನ್‌ಜಿಇಎಫ್ ಹಳೆ ಮದ್ರಾಸ್ ರಸ್ತೆಯಲ್ಲಿ. ವೈರು, ಸ್ವಿಚ್ಚು ಈ ಕಡೆಯವರಿಗೆ ಅಪರಿಚಿತವಲ್ಲ. ಹೊರವರ್ತುಲ ರಸ್ತೆ ಬಂದ ಮೇಲೆ, 2007ರಲ್ಲಿ ಕೃಷ್ಣರಾಜಪುರ ನಗರಸಭೆಯ ಜತೆ ಬಿಬಿಎಂಪಿಗೆ ಸೇರಿದ ಮೇಲೆ, 30×40 ಅಡಿಯ ಸೈಟುಗಳಲ್ಲಿ ಬಾಡಿಗೆ ಮನೆಗಳ ನಾಲ್ಕಂತಸ್ತು ಎದ್ದಿತು. ಲೈಟಿಂಗ್ಸ್‌ನ ರೂಪ ಬದಲಾದದ್ದು ಆಗ. ಈ ಮನೆಗಳ ಅಗಲ ಕಡಿಮೆ, ಎತ್ತರ ಹೆಚ್ಚು. ಅಡ್ಡಕ್ಕೆ ಎಳೆಯುತ್ತಿದ್ದ ಸರ ಉದ್ದಕ್ಕೆ ಇಳಿಯಿತು. ಒಬ್ಬ ತಾರಸಿಯ ಪ್ಯಾರಪೆಟ್ಟಿಗೆ ವೈರಿನ ಕುತ್ತಿಗೆ ಕಟ್ಟಿ ಗೇಣಿನ ಅಂತರದಲ್ಲಿ ಒಂದೊಂದೇ ಎಳೆ ಬಿಡುತ್ತಾನೆ, ಇನ್ನೊಬ್ಬ ರಸ್ತೆಯಲ್ಲಿ ನಿಂತು ಎಡಕ್ಕೆ ಬಲಕ್ಕೆ ಎಂದು ಕೂಗುತ್ತಾನೆ. ಎಳೆ ಗಾಳಿಗೆ ಸಿಕ್ಕಿಕೊಳ್ಳದಂತೆ ತುದಿಗೊಂದು ಜಲ್ಲಿಕಲ್ಲು. ಗೃಹಪ್ರವೇಶದ ಮನೆಗೆ ಹೀಗೆ ಬೆಳಕಿನ ಪರದೆ ಬೀಳುತ್ತದೆ.

ಕರೆಂಟು ಎಲ್ಲಿಂದ ಎಂಬುದು ಈ ಕಸುಬಿನ ಹಳೆಯ ತಕರಾರು. ಪರವಾನಗಿ ಪಡೆದ ಗುತ್ತಿಗೆದಾರನೇ ವಿದ್ಯುತ್ ಕೆಲಸ ಮಾಡಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ಹೇಳಿದ್ದವು. ಬೀದಿ ಉತ್ಸವಗಳಲ್ಲಿ ಕಂಬದ ತಂತಿಗೆ ಕೊಕ್ಕೆ ಹಾಕುವ ರೂಢಿ ಮಾತ್ರ ಬಹುಕಾಲ ನಡೆಯಿತು. 2003ರ ವಿದ್ಯುತ್ ಕಾಯ್ದೆಯಲ್ಲಿ ಅದು ಕಳವು. ಈಗ ಗಣೇಶ ಕೂರಿಸುವವರು ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಬೇಕು. ಕೊಕ್ಕೆಯ ಅಪಾಯ ಕಾನೂನಿಗಿಂತ ದೊಡ್ಡದು: ಭಾದ್ರಪದ ಮಳೆಯ ತಿಂಗಳು, ಪೆಂಡಾಲಿನ ಕಮಾನು ಕಬ್ಬಿಣದ್ದು, ವೈರಿನ ಜೋಡಣೆ ಟೇಪಿನದು.

ನೀಲಿ ಎಲ್‌ಇಡಿಗೆ 1990ರ ದಶಕದಲ್ಲಿ ದಾರಿ ಸಿಕ್ಕಿದ ಮೇಲೆ ಬಿಳಿ ಬೆಳಕೂ ಸಾಧ್ಯವಾಯಿತು. ಅದರ ಶೋಧಕರಿಗೆ 2014ರಲ್ಲಿ ನೊಬೆಲ್ ಬಂತು. ಚೀನಾದಿಂದ ಬಂದ ಎಲ್‌ಇಡಿ ಸರಗಳು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರಸ್ತೆಯಲ್ಲಿ ರಾಶಿ ಬಿದ್ದವು. ಉರುಳೆಯ ಕೆಲಸವನ್ನು ಬೆರಳುದ್ದದ ಪೆಟ್ಟಿಗೆ ಮಾಡತೊಡಗಿತು, ಸತ್ತ ಬಲ್ಬು ಹುಡುಕುವ ವಿದ್ಯೆಗೆ ಗಿರಾಕಿ ಇಲ್ಲವಾಯಿತು. ಕೆಟ್ಟ ಸರವನ್ನು ಎಸೆಯುವುದೇ ಅಗ್ಗ. ದೀಪಾವಳಿಗೂ ಕ್ರಿಸ್ಮಸ್‌ಗೂ ಬಾಲ್ಕನಿಗೆ ಸಾಕಾಗುವಷ್ಟನ್ನು ಮನೆಯವರೇ ಕೊಂಡು ತರುತ್ತಾರೆ, ನಕ್ಷತ್ರದ ಗೂಡನ್ನು ತಾವೇ ತೂಗುಹಾಕುತ್ತಾರೆ. ಬಾಡಿಗೆಗೆ ಉಳಿದಿರುವುದು ಎತ್ತರ. ಮೂರನೇ ಮಹಡಿಯ ಸಜ್ಜಾದ ಅಂಚಿಗೆ ಬಗ್ಗುವುದು, ಗೋಡೆಗೆ ಬೆಳಕು ಬೀರುವ ಪಾರ್ ಲೈಟು ಹೊಂದಿಸುವುದು, ಬೀದಿಯ ತುದಿಯಿಂದ ಮನೆ ಬಾಗಿಲವರೆಗೆ ಕಮಾನು ನಿಲ್ಲಿಸುವುದು ಮನೆಯವರ ಕೈಲಾಗುವುದಲ್ಲ. ಕಟ್ಟಿದ್ದನ್ನು ಇಳಿಸುವುದೂ ಆ ಬಾಡಿಗೆಯಲ್ಲೇ ಸೇರಿದೆ. ಮದುವೆಯ ಮಾರನೆಯ ಬೆಳಗ್ಗೆ ಅದೇ ಹುಡುಗರು ಬಂದು ಎಳೆಗಳನ್ನು ಮೇಲಕ್ಕೆಳೆದು, ಹೆಬ್ಬೆರಳಿಗೂ ಮೊಣಕೈಗೂ ಸುತ್ತಿ ಸಿಂಬೆ ಮಾಡಿ, ಕಲ್ಲುಗಳನ್ನು ರಸ್ತೆ ಬದಿಗೆ ಎಸೆದು, ಗೋಣಿಚೀಲ ಹೊತ್ತು ಮುಂದಿನ ಮನೆಗೆ ಹೋಗುತ್ತಾರೆ.