ವಿಲಾಯತಿ ಹತ್ತಿ ಮತ್ತು ತೂಗುವ ತಾಳ

ಬೆಳವಣಕಿಯ ಮನೆ ಕಟ್ಟೆಯ ಮೇಲೆ ಕೂತು ಗಿಟಾರ್ ನುಡಿಸುತ್ತಿದ್ದೆ. ಅಜ್ಜ ಸುಮಾರು ಹೊತ್ತು ಕೇಳಿ, "ತಾಳ ತಪ್ಪಿಲ್ಲೋ ತಮ್ಮಾ, ಆದ್ರ ಇದು ನಡ್ಯಾಂಗಿಲ್ಲ" ಅಂದರು. ಅವರು ಹರೆಯದಲ್ಲಿ ಭಜನೆ ಮೇಳದಲ್ಲಿ ದಮ್ಮಡಿ ಬಾರಿಸಿದವರು. ನಾನು ನುಡಿಸುತ್ತಿದ್ದದ್ದು ಹನ್ನೆರಡು ಬಾರ್‌ಗಳ ಬ್ಲೂಸ್, ಧಾರವಾಡದ ಹಾಸ್ಟೆಲ್ಲಿನಲ್ಲಿ ಹಳೆಯ ಗಿಟಾರೊಂದನ್ನು ಕೊಂಡು ಕಲಿತದ್ದು. ಅಜ್ಜ ಹಿಡಿದ ತಪ್ಪು ಸರಿಯಾಗಿಯೇ ಇತ್ತು. ನಾನು ಪ್ರತಿ ಏಟನ್ನೂ ಎರಡು ಸಮ ಪಾಲು ಮಾಡುತ್ತಿದ್ದೆ. ಸ್ವಿಂಗ್‌ನಲ್ಲಿ ಹಾಗಲ್ಲ. ಏಟನ್ನು ಮೂರಾಗಿ ಸೀಳಿ, ಮೊದಲ ಎರಡು ಪಾಲನ್ನು ಮೊದಲ ಸ್ವರಕ್ಕೂ ಉಳಿದೊಂದನ್ನು ಎರಡನೆಯದಕ್ಕೂ ಕೊಡಬೇಕು. ಅದೂ ಕಟ್ಟುನಿಟ್ಟಿನ ಲೆಕ್ಕವಲ್ಲ, ವೇಗ ಹೆಚ್ಚಿದಂತೆ ಪಾಲುಗಳು ಮತ್ತೆ ಸಮದ ಹತ್ತಿರ ಬರುತ್ತವೆ. ಬರೆದ ನೊಟೇಶನ್‌ನಲ್ಲಿ ಸಾಮಾನ್ಯವಾಗಿ ಸಮ ಪಾಲುಗಳೇ ಕಾಣುತ್ತವೆ, ತೂಗು ಕೈಯಲ್ಲಿರಬೇಕು.

ನನ್ನ ಸಂಶೋಧನೆಯ ವಿಷಯ ಸಂಗೀತವಲ್ಲ, ಹತ್ತಿ. (ರೋಣದ ಕಡೆಯವನು ಎಂದರೆ ಎಲ್ಲರೂ ಭೀಮಸೇನ ಜೋಶಿಯವರನ್ನು ನೆನೆಯುತ್ತಾರೆ, ಹತ್ತಿಯನ್ನು ಯಾರೂ ನೆನೆಯುವುದಿಲ್ಲ.) 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತಿ ಬೆಳೆಗಾರರನ್ನು ಕರೆಸಿಕೊಂಡಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಿತ್ತು. ಹಲವು ಕಡೆ ಸೋತ ಆ ಬೀಜ ಧಾರವಾಡ ಜಿಲ್ಲೆಯ ಎರೆ ಭೂಮಿಯಲ್ಲಿ ನೆಲೆ ಹಿಡಿಯಿತು. ನ್ಯೂ ಆರ್ಲಿಯನ್ಸ್ ತಳಿ ನಮ್ಮವರ ಬಾಯಲ್ಲಿ ವಿಲಾಯತಿ ಹತ್ತಿಯಾಯಿತು, ಹಳೆಯದು ಜವಾರಿ ಹತ್ತಿ. ಜವಾರಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ 'ಕುಮಟಾ' ಎಂದೇ ಹೆಸರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಇಲ್ಲಿ ಬೆಲೆ ಏರಿತು. ಎಷ್ಟು ಕಲಬೆರಕೆ ನಡೆಯಿತೆಂದರೆ 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಮೋಸ ತಡೆಯಲೆಂದೇ ಕಾನೂನು ತಂದಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು. ಮುಂದೆ 1876–78ರ ಬರ. ಶಿಶುನಾಳ ಶರೀಫರು (1819–1889) ಇದನ್ನೆಲ್ಲ ಕಣ್ಣಾರೆ ಕಂಡ ಕಾಲದವರು.

ಬ್ಲೂಸ್ ಹುಟ್ಟಿದ್ದೂ ಹತ್ತಿ ಹೊಲಗಳ ನಡುವೆಯೇ. 1903ರ ಸುಮಾರಿಗೆ ಮಿಸಿಸಿಪಿಯ ಟಟ್ವೈಲರ್ ರೈಲು ನಿಲ್ದಾಣದಲ್ಲಿ ಒಬ್ಬ ಕಪ್ಪು ಮನುಷ್ಯ ಗಿಟಾರಿನ ತಂತಿಯ ಮೇಲೆ ಚಾಕು ಒತ್ತಿ ಜಾರಿಸುತ್ತ ಹಾಡುವುದನ್ನು ಡಬ್ಲ್ಯು. ಸಿ. ಹ್ಯಾಂಡಿ ಕೇಳಿದರು. ಅದನ್ನು ತಮ್ಮ 1941ರ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಇದನ್ನು ಓದಿದ ದಿನ ನನ್ನ ಅಧ್ಯಾಯದ ಕರಡಿನಲ್ಲಿ ಉತ್ಸಾಹದಿಂದ ಒಂದು ವಾಕ್ಯ ಬರೆದಿದ್ದೆ: ಬ್ಲೂಸ್ ಮತ್ತು ನಮ್ಮ ತತ್ವಪದ ಒಂದೇ ಬೀಜದ ಎರಡು ಬೆಳೆ.

ಆ ಕತೆಯನ್ನು ಅಜ್ಜನಿಗೂ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಅವ್ರಿಗೆ ಪಗಾರ ಎಷ್ಟಿತ್ತು?" ಇರಲಿಲ್ಲ ಅಂದೆ. ಆಮೇಲೆ ವಾಕ್ಯ ಹೊಡೆದುಹಾಕಿದೆ. ಇಲ್ಲಿಗೆ ಬೀಜ ಬಂದ ಕಾಲದಲ್ಲಿ ಅಲ್ಲಿ ಹತ್ತಿ ಬಿಡಿಸುತ್ತಿದ್ದವರು ಇನ್ನೊಬ್ಬರ ಸ್ವತ್ತು. ನಮ್ಮ ರೈತ ಕಂದಾಯ ಕಟ್ಟಿ, ಸಾಲ ಮಾಡಿ, ಸೋತಿರಬಹುದು, ಆದರೆ ಅವನನ್ನು ಸಂತೆಯಲ್ಲಿ ಮಾರುತ್ತಿರಲಿಲ್ಲ. ಅಲ್ಲಿಂದ ಇಲ್ಲಿಗೆ ಬಂದದ್ದು ಬೀಜ, ಹಾಡಲ್ಲ.

ಈ ಆತುರ ನನ್ನೊಬ್ಬನದೇ ಅಲ್ಲ. 1938ರ ಡಿಸೆಂಬರ್ 23ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಜಾನ್ ಹ್ಯಾಮಂಡ್ ಒಂದು ಕಛೇರಿ ಏರ್ಪಡಿಸಿದರು. ಬರಬೇಕಿದ್ದ ರಾಬರ್ಟ್ ಜಾನ್ಸನ್ ಆ ಆಗಸ್ಟ್‌ನಲ್ಲೇ ತೀರಿಹೋಗಿದ್ದರಿಂದ ಬಿಗ್ ಬಿಲ್ ಬ್ರೂನ್ಜಿಯನ್ನು ಕರೆಸಿದರು. ಅವನನ್ನು ಸಭಿಕರ ಮುಂದೆ ನಿಲ್ಲಿಸಿದ್ದು ಅರ್ಕನ್ಸಾಸ್‌ನ ಒಕ್ಕಲಿಗನೆಂದು. ಒಕ್ಕಲು ಮನೆತನದವನೇ ನಿಜ, ಆದರೆ ಆ ಹೊತ್ತಿಗೆ ಹತ್ತು ವರ್ಷಕ್ಕೂ ಮಿಕ್ಕಿ ಷಿಕಾಗೋದಲ್ಲಿ ರೆಕಾರ್ಡ್ ಮಾಡಿದ್ದ ಪಳಗಿದ ಕಲಾವಿದ. ನಗರದವರಿಗೆ ಹೊಲದ ಮಣ್ಣು ಮೆತ್ತಿದ ಗಾಯಕ ಬೇಕಿತ್ತು. ಅಜ್ಜನನ್ನು ಇಲ್ಲಿ ತಂದು ಕೂರಿಸಿರುವ ನನಗೂ ಆ ಹಂಬಲ ಇಲ್ಲದಿಲ್ಲ.

ಬ್ರೂನ್ಜಿಯ 1951ರ ಯುರೋಪ್ ಪ್ರವಾಸದ ಕಾಲದ ಧ್ವನಿಮುದ್ರಣಗಳೇ ನನಗೆ ಪಾಠ. ಮೈಕಿಗೆ ಹತ್ತಿರ ಒಂದು ಅಕೌಸ್ಟಿಕ್ ಗಿಟಾರ್ ಮತ್ತು ಕಂಠ, ಅಷ್ಟೆ. ಬಲಗೈ ಹೆಬ್ಬೆರಳು ದಪ್ಪ ತಂತಿಯ ಮೇಲೆ ಏಟಿಗೊಂದರಂತೆ ಒಂದೇ ಸ್ವರ ಮಿಡಿಯುತ್ತಿರುತ್ತದೆ. ಅಂಗೈ ಅಂಚು ಬ್ರಿಡ್ಜಿನ ಬಳಿ ತಂತಿಗೆ ತಾಗಿ ನಾದವನ್ನು ಮೊಟಕುಗೊಳಿಸುತ್ತದೆ. ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಏಟಿನ ಹಿಂದೆ, ತುಸು ತಡವಾಗಿ ಬೀಳುತ್ತವೆ. ಏಕತಾರಿಯ ಶ್ರುತಿ ಕೇಳಿ ಬೆಳೆದ ಕಿವಿಗೆ ಆ ಒಂದೇ ಸ್ವರದ ಹೆಬ್ಬೆರಳು ಪರಕೀಯವೆನಿಸುವುದಿಲ್ಲ. ಪರಕೀಯವೆನಿಸದ್ದು ನನ್ನ ಕಿವಿಯ ಮಾತು, ಚರಿತ್ರೆಯದಲ್ಲ.

ಅದೇ ಕಾರ್ನೆಗಿ ಕಛೇರಿಯಲ್ಲಿ ಕೌಂಟ್ ಬೇಸಿಯ ಬ್ಯಾಂಡೂ ಇತ್ತು. ಅದರ ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್ 1937ರಲ್ಲಿ ಸೇರಿ ಸುಮಾರು ಐವತ್ತು ವರ್ಷ ಅಲ್ಲೇ ಉಳಿದ. ವಿದ್ಯುತ್ ಗಿಟಾರ್‌ಗಳ ಅಬ್ಬರದ ಕಾಲದಲ್ಲೂ ಅಕೌಸ್ಟಿಕ್ ಬಿಡಲಿಲ್ಲ. ಬಾರಿಗೆ ನಾಲ್ಕು ಏಟು, ಪ್ರತಿ ಏಟಿನ ನಂತರ ಎಡಗೈ ಸಡಿಲ, ನಾದ ಬಂದ್. ಏಟಿನಷ್ಟೇ ಬಿಡುವೂ ಮುಖ್ಯ ಎಂಬುದು ಅವನನ್ನು ಕೇಳಿದ ಮೇಲೆ ಹೊಳೆಯಿತು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಜ್ಜ ಅಟ್ಟದ ಮೇಲಿನ ದಮ್ಮಡಿ ಇಳಿಸಲು ಹೇಳಿದರು. ಚರ್ಮ ಸಡಿಲಾಗಿತ್ತು, ಬಿಸಿಲಿಗೆ ಹಿಡಿದು ಬಿಗಿ ಮಾಡಿದೆವು. ನಾನು ಹೆಬ್ಬೆರಳಷ್ಟನ್ನೇ ಮಿಡಿದೆ, ಅವರು ಮೇಲಿನ ಏಟು ಹಾಕಿದರು. ಮೂರನೆಯ ಸುತ್ತಿಗೆ ನನ್ನ ಕೈ ಮತ್ತೆ ಓಡತೊಡಗಿತು. "ತಡಿ, ಎತ್ತು ಬೆದರ್‍ಯಾವ" ಎಂದು ನಿಲ್ಲಿಸಿ, ಮೊದಲಿಂದ ಶುರುಮಾಡಿಸಿದರು.