ಮಾರುತಿ 800 ಕಾರುಗಳ ಹಿಂಬದಿ ಸ್ಪ್ರಿಂಗ್‌ಗಳ ಬದಲಾವಣೆ: ವಾಹನ ಮಾಲೀಕರಿಗೆ ಮಾಹಿತಿ

ಮಾರುತಿ 800 ಕಾರುಗಳ ತಯಾರಿಕೆಯು 1983ರಲ್ಲಿ ಆರಂಭಗೊಂಡು 2014ರಲ್ಲಿ ಸ್ಥಗಿತಗೊಂಡಿರುತ್ತದೆ. ನೋಂದಣಿಯ 15 ವರ್ಷಗಳ ಅವಧಿ ಮುಗಿದ ಕಾರುಗಳ ಮಾಲೀಕರು ನವೀಕರಣಕ್ಕಾಗಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾಗಿರುತ್ತದೆ. ಹಿಂಬದಿ ಸ್ಪ್ರಿಂಗ್‌ಗಳು ಕುಸಿದಿದ್ದಲ್ಲಿ ಅವುಗಳನ್ನು ಮುಂಚಿತವಾಗಿ ಬದಲಾಯಿಸಿಕೊಳ್ಳುವುದು ಸೂಕ್ತ.

1. ದೋಷವನ್ನು ಗುರುತಿಸುವ ಬಗೆ

ಟೈರುಗಳಲ್ಲಿ ಸರಿಯಾದ ಗಾಳಿ ತುಂಬಿಸಿ, ಖಾಲಿ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸತಕ್ಕದ್ದು. ಚಕ್ರದ ಮಧ್ಯಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಎರಡೂ ಬದಿಗಳಲ್ಲಿ ಅಳೆಯತಕ್ಕದ್ದು. ಎತ್ತರದಲ್ಲಿ ಎದ್ದುಕಾಣುವ ವ್ಯತ್ಯಾಸ, ಸುರುಳಿಯಲ್ಲಿ ಬಿರುಕು ಅಥವಾ ಆಳವಾದ ತುಕ್ಕು ಕಂಡುಬಂದಲ್ಲಿ ಸ್ಪ್ರಿಂಗ್ ಬದಲಾವಣೆ ಅಗತ್ಯ. ಕಾರನ್ನು ಒತ್ತಿ ಬಿಟ್ಟಾಗ ಅದು ಹಲವು ಬಾರಿ ಕುಣಿದರೆ ದೋಷವು ಶಾಕ್ ಅಬ್ಸಾರ್ಬರ್‌ನದಾಗಿರುತ್ತದೆ. ಕಾರಿನ ಎತ್ತರವನ್ನು ಹಿಡಿದಿಡುವುದು ಸ್ಪ್ರಿಂಗ್. ಕುಣಿತವನ್ನು ತಡೆಯುವುದು ಶಾಕ್ ಅಬ್ಸಾರ್ಬರ್.

2. ಆಯ್ಕೆ

ಅ) 1986ಕ್ಕೆ ಮೊದಲಿನ ಮಾದರಿಯ ಹಿಂಬದಿಯಲ್ಲಿ ಪಟ್ಟಿ ಸ್ಪ್ರಿಂಗ್, ನಂತರದ ಮಾದರಿಯಲ್ಲಿ ಸುರುಳಿ ಸ್ಪ್ರಿಂಗ್ ಇರುತ್ತದೆ. ಆದ್ದರಿಂದ ತಯಾರಿಕಾ ವರ್ಷ ಹಾಗೂ ಚಾಸಿ ಸಂಖ್ಯೆಯನ್ನು ತಿಳಿಸಿ ಬಿಡಿಭಾಗವನ್ನು ಪಡೆಯತಕ್ಕದ್ದು.
ಆ) ಎರಡೂ ಬದಿಯ ಸ್ಪ್ರಿಂಗ್‌ಗಳನ್ನು ಜೋಡಿಯಾಗಿಯೇ ಬದಲಾಯಿಸತಕ್ಕದ್ದು.
ಇ) ಗುಜರಿಯ ಸ್ಪ್ರಿಂಗ್‌ಗಳೂ ಕುಸಿದಿರುವ ಸಂಭವವಿರುವುದರಿಂದ ಅವುಗಳನ್ನು ಕೊಳ್ಳದಿರುವುದು ಒಳಿತು.

3. ಹೆಚ್ಚು ಗಡುಸಾದ ಸ್ಪ್ರಿಂಗ್ ಏಕೆ ಬೇಡ

ಸುರುಳಿ ಸ್ಪ್ರಿಂಗಿನ ಗಡಸುತನವು ತಂತಿಯ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆ. ತಂತಿಯು ಶೇ. 10ರಷ್ಟು ದಪ್ಪವಾದರೆ ಗಡಸುತನ ಸುಮಾರು ಶೇ. 46ರಷ್ಟು ಹೆಚ್ಚುತ್ತದೆ. ಎಂಟು ಕಾರ್ಯನಿರತ ಸುರುಳಿಗಳಲ್ಲಿ ಒಂದನ್ನು ಕತ್ತರಿಸಿದರೂ ಗಡಸುತನ ಸುಮಾರು ಶೇ. 14ರಷ್ಟು ಏರುತ್ತದೆ; ಗ್ಯಾಸಿನಿಂದ ಕತ್ತರಿಸಿದಲ್ಲಿ ಉಕ್ಕಿನ ಹದವೂ ಕೆಡುತ್ತದೆ. ಹಗುರವಾದ ಕಾರಿನಲ್ಲಿ ಅತಿ ಗಡುಸಾದ ಸ್ಪ್ರಿಂಗ್ ಇದ್ದಲ್ಲಿ ಒರಟು ರಸ್ತೆಯಲ್ಲಿ ಹಿಂಚಕ್ರಗಳು ನೆಲದ ಹಿಡಿತ ಕಳೆದುಕೊಳ್ಳುತ್ತವೆ. ಸುರುಳಿಗಳ ನಡುವೆ ರಬ್ಬರ್ ತುಂಡುಗಳನ್ನು ತುರುಕಿದರೂ ಗಡಸುತನ ಹೆಚ್ಚುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಸ್ಪ್ರಿಂಗ್ ಕುಸಿದ ಕಾರಿನ ಹೆಡ್‌ಲೈಟ್ ಮೇಲಕ್ಕೆ ತಿರುಗಿ ಎದುರಿನ ಚಾಲಕರ ಕಣ್ಣು ಕೋರೈಸುತ್ತದೆ.

4. ಅಳವಡಿಕೆ

ಕಾರನ್ನು ಕೇವಲ ಜ್ಯಾಕ್ ಮೇಲೆ ನಿಲ್ಲಿಸಿ ಕೆಲಸ ಮಾಡಬಾರದು. ಭದ್ರವಾದ ಸ್ಟ್ಯಾಂಡ್‌ಗಳು ಕಡ್ಡಾಯ. ಸವೆದ ರಬ್ಬರ್ ಆಸನಗಳನ್ನು ಅದೇ ವೇಳೆಯಲ್ಲಿ ಬದಲಾಯಿಸತಕ್ಕದ್ದು. ರಬ್ಬರ್ ಬುಷ್‌ಗಳಿರುವ ಬೋಲ್ಟುಗಳನ್ನು ಚಕ್ರಗಳ ಮೇಲೆ ಕಾರಿನ ಭಾರ ಬಿದ್ದ ನಂತರವೇ ಅಂತಿಮವಾಗಿ ಬಿಗಿಗೊಳಿಸತಕ್ಕದ್ದು. ಇಲ್ಲವಾದಲ್ಲಿ ಬುಷ್‌ಗಳು ತಿರುಚಿಕೊಂಡು ಬೇಗನೆ ಹರಿಯುತ್ತವೆ. ಕೊನೆಯಲ್ಲಿ ಹೆಡ್‌ಲೈಟ್‌ಗಳ ದಿಕ್ಕನ್ನು ಪರಿಶೀಲಿಸತಕ್ಕದ್ದು.

5. ಕಾನೂನಿನ ಅಂಶಗಳು

ಮೂಲ ವಿವರಣೆಗೆ ಸರಿಹೊಂದುವ ಸ್ಪ್ರಿಂಗಿನ ಅಳವಡಿಕೆಯು ದುರಸ್ತಿಯಾಗಿರುತ್ತದೆ. ಆದರೆ ತಯಾರಕರು ನಿರ್ದಿಷ್ಟಪಡಿಸಿದ ಹಾಗೂ ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದಾದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52 ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 182ಎ ಅನ್ವಯ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗಿನ ಕಾರಾಗೃಹ ವಾಸ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಅನಿಲ ಕಿಟ್ ಅಳವಡಿಸಿದ ಕಾರುಗಳಲ್ಲಿ ಟ್ಯಾಂಕಿನ ಭಾರವು ಸದಾ ಹಿಂಬದಿ ಸ್ಪ್ರಿಂಗ್‌ಗಳ ಮೇಲಿರುತ್ತದೆ. ಅಂತಹ ಕಿಟ್ ಪ್ರಮಾಣ ಪತ್ರದಲ್ಲಿ ನಮೂದಾಗಿರುವುದನ್ನು ಮಾಲೀಕರು ಖಚಿತಪಡಿಸಿಕೊಳ್ಳತಕ್ಕದ್ದು.

ಬಿಡಿಭಾಗದ ಸಂಖ್ಯೆಯಿರುವ ರಸೀದಿಯನ್ನು ವಾಹನದ ದಾಖಲೆಗಳೊಂದಿಗೆ ಇರಿಸಿಕೊಳ್ಳಲು ಕೋರಲಾಗಿದೆ.